ಲೈನಿನಲ್ಲಿ ನೋಡಿದ ಕಬ್ಬಿಣದ ಮನುಷ್ಯ

ಹೊಸ ಮನೆಯ ಗೃಹಪ್ರವೇಶಕ್ಕೆ ಕಲ್ಲಮ್ಮ ಊರನ್ನೆಲ್ಲ ಕರೆದಿದ್ದಳು, ಒಬ್ಬರನ್ನು ಬಿಟ್ಟು. ಆ ಒಬ್ಬರ ಹೆಸರೆತ್ತಿದರೆ ಸಾಕು, ಅವಳ ಮುಖ ಗಂಟಿಕ್ಕುತ್ತಿತ್ತು.

"ಅಂಜನಮ್ಮೋರನ್ನ ಕರೀಲೇಬೇಕಮ್ಮ. ನಂಗೆ ಕೈ ಹಿಡಿದು ಅಕ್ಷರ ತಿದ್ದಿಸಿದ್ದೇ ಅವ್ರು" ಎಂದ ಮಗ ಮೋಹಿತ್. ಮೂಡಿಗೆರೆ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ಅಂಗಡಿ ಇಟ್ಟುಕೊಂಡಿರುವ ಅವನಿಗೆ ಯಾರ ಮೇಲೂ ಸಿಟ್ಟಿಲ್ಲ. ಅದೇ ಅವನ ದೊಡ್ಡ ದೋಷ ಎನ್ನುವುದು ತಾಯಿಯ ಅಭಿಪ್ರಾಯ.

"ಬೇಕಾದ್ರೆ ನೀನು ಕರಿ. ನಾನು ಆ ಹೊಸ್ತಿಲು ತುಳಿಯಲ್ಲ."

"ಹಿರಿಯೋಳು ನೀನು ಹೋಗ್ದೆ ನಾನೊಬ್ಬನೇ ಹೋದ್ರೆ ಅವ್ರು ಬರ್ತಾರಾ?"

"ಬರ್ದೇ ಇದ್ರೆ ಇನ್ನೂ ಒಳ್ಳೇದಾಯ್ತು."

ಈ ಸಿಟ್ಟಿಗೆ ಮೂವತ್ತು ವರ್ಷದ ಹತ್ತಿರ ವಯಸ್ಸಾಗಿತ್ತು. ಆಗ ಕಲ್ಲಮ್ಮ, ಅವಳ ಗಂಡ, ಕೂಸು ಮೋಹಿತ್ ಮೂವರೂ ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿ, ಆಳುಗಳ ಸಾಲುಮನೆಯಲ್ಲಿದ್ದರು. ಮರಗಸಿಯ ಕಾಲ, ಕಾಫಿಗೆ ಬಿಸಿಲು ಬೀಳಲೆಂದು ನೆರಳಿನ ಮರದ ಕೊಂಬೆ ಕಡಿಯುವ ಕೆಲಸ. ಆ ಬೆಳಿಗ್ಗೆ ಗಂಡ ಮೈ ಸರಿಯಿಲ್ಲ, ಹೋಗಲ್ಲ ಅಂದಿದ್ದ. ಇವಳೇ ಗೊಣಗಿ ಎಬ್ಬಿಸಿ ಕಳಿಸಿದಳು. ಮಧ್ಯಾಹ್ನ ಅವನು ಮರದಿಂದ ಬಿದ್ದು ತೀರಿಹೋದ. ಸಾವಿನ ಮನೆಗೆ ಲೈನಿನವರೆಲ್ಲ ಬಂದರು, ಮೇಸ್ತ್ರಿ ಬಂದ, ಬಂಗಲೆಯ ಅಮ್ಮನವರೂ ಬಂದು ಕೈ ಹಿಡಿದು ಕೂತರು. ಕಾಫಿ ಕಣದ ಆಚೆ ಬದಿಯಲ್ಲೇ ಇದ್ದ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಗುರುವಯ್ಯನವರ ಹೆಂಡತಿ ಅಂಜನಮ್ಮ ಮಾತ್ರ ಬರಲಿಲ್ಲ. ಕಡು ವೈರಿಯಾದರೂ ಸಾವಿನ ಮನೆಗೆ ಬಂದು ಒಂದು ಮಾತಾಡಿಸಿ ಹೋಗುವ ಸೀಮೆ ಇದು. ಆಮೇಲೆ ಅವರು ಮಗುವಿಗೆ ಅಕ್ಷರ ಕಲಿಸಿದರು, ಹಳೇ ಸ್ವೆಟರ್ ಕೊಟ್ಟರು. ಅವೆಲ್ಲ ಕಲ್ಲಮ್ಮನ ಲೆಕ್ಕಕ್ಕೆ ಬರಲಿಲ್ಲ. ಗುರುವಯ್ಯ ಕೆಲಸ ಬಿಟ್ಟು ಸಂಸೆಯ ಹತ್ತಿರ ತೋಟ ಮಾಡಿಕೊಂಡು ಹೋದಾಗ ಇವಳು ಬೀಳ್ಕೊಡಲೂ ಹೋಗಲಿಲ್ಲ.

ತಮಾಷೆಯೆಂದರೆ, ಆ ವರ್ಷ ಕಲ್ಲಮ್ಮನನ್ನು ಬದುಕಿಸಿದ್ದು ಒಂದು ಇಂಗ್ಲಿಷ್ ಸಿನಿಮಾ. ಗಂಡ ಹೋದ ಮೇಲೆ ಅವಳು "ನಾನೇ ಕಳಿಸಿದ್ದು, ನಾನೇ ಕಳಿಸಿದ್ದು" ಎಂದು ನಲ್ಲಿಯ ಹತ್ತಿರ, ನಿಂತಲ್ಲಿ ಕೂತಲ್ಲೆಲ್ಲ ಹೇಳುತ್ತ, ಅನ್ನ ಬಿಟ್ಟು ಕಡ್ಡಿಯಾಗಿದ್ದಳು. ಕೆಲ ದಿನದಲ್ಲೇ ಲೈನಿನವರು ಮೂಡಿಗೆರೆಯಿಂದ ಟೀವಿ, ವಿಸಿಪಿ ಬಾಡಿಗೆಗೆ ತಂದರು. ಕನ್ನಡದ ಕ್ಯಾಸೆಟ್ಟೆಲ್ಲ ಬೇರೆಯವರು ಒಯ್ದಿದ್ದರಿಂದ ಉಳಿದಿದ್ದೇ ಗತಿ ಎಂದು ಕಬ್ಬಿಣದ ಮನುಷ್ಯನ ಸಿನಿಮಾ ಬಂತು. ಕಲ್ಲಮ್ಮನನ್ನೂ ಎಬ್ಬಿಸಿ ತಂದು ಕೂರಿಸಿದರು. ಅಲ್ಲಿ ಸೇರಿದವರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರು ಅಂಜನಮ್ಮ ಒಬ್ಬರೇ. ಅವರು ಟೀವಿಯ ಪಕ್ಕ ನಿಂತು ಕಥೆಯನ್ನು ಕನ್ನಡದಲ್ಲಿ ಹೇಳಿದರು. ಆಕಾಶದಿಂದ ಇಳಿದ ಕಬ್ಬಿಣದ ಮನುಷ್ಯ ಒಂದು ತಾಯಿ ಮಗುವನ್ನು ಕಾಪಾಡುತ್ತಾನೆ, ಊರನ್ನೇ ಸುಡುವ ಬಾಂಬನ್ನು ಕೊನೆಗೆ ತಾನೇ ಅವುಚಿಕೊಂಡು ಸಮುದ್ರಕ್ಕೆ ಇಳಿಯುತ್ತಾನೆ. ಇಳಿಯುವ ಮೊದಲು ತಿರುಗಿ ಆ ತಾಯಿಗೆ ಹೇಳುತ್ತಾನೆ: "ನೀನು ಕಳಿಸಿದ್ದಲ್ಲ, ನಾನು ಹೋಗುವ ಹೊತ್ತು ಬಂದಿತ್ತು. ನಿನ್ನದೇನೂ ತಪ್ಪಿಲ್ಲ. ಎದ್ದು ಅನ್ನ ಉಣ್ಣು, ಮಗು ನಿನ್ನ ಮುಖವನ್ನೇ ನೋಡುತ್ತಿದೆ."

ಕಲ್ಲಮ್ಮ ಅವತ್ತು ಮನೆಗೆ ಬಂದು ಅನ್ನ ಉಂಡಳು. ಅಮೆರಿಕದ ಕಬ್ಬಿಣದ ಮನುಷ್ಯನಿಗೆ ಅನ್ನದ ಚಿಂತೆ ಯಾಕೆ ಎಂದು ಅವಳಿಗೆ ಹೊಳೆಯಲೇ ಇಲ್ಲ. ಹೇಳಿದ ಬಾಯಿ ಅಂಜನಮ್ಮನದಾದರೂ ಮಾತು ಅವನದು. ಪೋಸ್ಟ್‌ಮ್ಯಾನ್ ಮೇಲೆ ಸಿಟ್ಟಿದ್ದರೂ ಬಂದ ಕಾಗದವನ್ನು ಓದುತ್ತೇವಲ್ಲ, ಹಾಗೆ.

ಆ ಸಿನಿಮಾದ ಕಥೆಯನ್ನು ತಾಯಿಯ ಬಾಯಲ್ಲಿ ಕೇಳುತ್ತಲೇ ಬೆಳೆದ ಮೋಹಿತ್ ಗೃಹಪ್ರವೇಶಕ್ಕೆ ಮೊದಲಿನ ಭಾನುವಾರ ಅದರ ಹೊಸ ಡಿಸ್ಕ್ ತಂದ. ಚಿತ್ರವನ್ನು ತೊಳೆದು ಹೊಳಪು ಕೊಟ್ಟಿದ್ದರು, ಕನ್ನಡದ ಮಾತೂ ಸೇರಿಸಿದ್ದರು. ಮಧ್ಯಾಹ್ನದ ಊಟ ಮುಗಿಸಿ ಕಲ್ಲಮ್ಮ ತಲೆ ಬಾಚಿ, ಒಳ್ಳೇ ಸೀರೆ ಉಟ್ಟು ಟೀವಿಯ ಎದುರು ಕೂತಳು.

ಲೈನಿನ ಟೀವಿಯಲ್ಲಿ ಮೈಯೆಲ್ಲ ಗೆರೆ ಗೆರೆಯಾಗಿ ಕಂಡಿದ್ದವನು ಈಗ ಎಷ್ಟು ಚೊಕ್ಕವಾಗಿ ಕಂಡನೆಂದರೆ, ಮೊಣಕೈಯ ರಬ್ಬರೂ ಕಾಣಿಸಿತು. "ಅತ್ತೆ, ಇವ್ನು ಒಳ್ಳೇ ಗೋದ್ರೆಜ್ ಬೀರು ನಡೆದಂಗೆ ನಡೀತಾನೆ" ಎಂದು ಸೊಸೆ ಶಾಲಿನಿ ಬಿದ್ದು ಬಿದ್ದು ನಕ್ಕಳು.

"ನಗ್ಬೇಡ. ಪಾಪ, ಎಷ್ಟು ಭಾರ ಹೊತ್ಕೊಂಡು ಓಡ್ಬೇಕು ಅವ್ನು" ಎಂದ ಕಲ್ಲಮ್ಮನಿಗೂ ನಗು ತಡೆಯಲಿಲ್ಲ. ಲಾರಿ ಮಗುಚಿದಾಗ ಚಪ್ಪಾಳೆ ತಟ್ಟಿದಳು, ಖಳನನ್ನು ಬಾಯ್ತುಂಬ ಬೈದಳು. ಹಳೇ ಗೆಳೆಯ ಸಿಕ್ಕಷ್ಟು ಖುಷಿಯಾಗಿತ್ತು ಅವಳಿಗೆ. ಸಮುದ್ರ ಬಂದಾಗ ಮಾತ್ರ ಸೆರಗು ಸರಿಪಡಿಸಿಕೊಂಡು, "ಈಗ ನೋಡಿ, ಈಗ ಹೇಳ್ತಾನೆ" ಎಂದಳು.

ಕಬ್ಬಿಣದ ಮನುಷ್ಯ ತಿರುಗಿ ನಿಂತ. "ಕಾರ್ಯ ಪೂರ್ಣಗೊಂಡಿದೆ. ದೂರ ಸರಿಯಿರಿ" ಎಂದ. ನೀರಿಗೆ ಇಳಿದುಬಿಟ್ಟ.

"ಏಯ್, ಅದ್ನ ಬಿಟ್ಬಿಟ್ರು! ವಾಪಸ್ ಹಾಕು."

ಮೋಹಿತ್ ವಾಪಸ್ ಹಾಕಿದ. ಕಾರ್ಯ ಮತ್ತೆ ಪೂರ್ಣಗೊಂಡಿತು. ಇಂಗ್ಲಿಷಿನಲ್ಲಿ ಹಾಕಿಸಿದಳು. "ಅಲ್ಲೂ ಅಷ್ಟೇ ಅಮ್ಮ. ಅವ್ನು ಹೇಳೋದು ಎರಡೇ ಮಾತು" ಎಂದ ಮಗ, ತಾಯಿಯ ಮುಖ ನೋಡಿ ಟೀವಿ ಆರಿಸಿದ.

ಕಲ್ಲಮ್ಮ ಎದ್ದು ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಮೊದಲು ಬಂದದ್ದು ಸಿಟ್ಟು. ಇಷ್ಟು ವರ್ಷ ಎದೆಗೆ ಕಟ್ಟಿಕೊಂಡು ಬದುಕಿದ ಮಾತು ಸುಳ್ಳೇ? ಆಮೇಲೆ ನಿಧಾನಕ್ಕೆ ಅರ್ಥವಾಯಿತು. ಅವನು ಹೇಳಿರಲಿಲ್ಲ ಎಂದರೆ ಹೇಳಿದವರು ಇನ್ನೊಬ್ಬರಿದ್ದರು. ಅನ್ನ ಬಿಟ್ಟದ್ದನ್ನು ನೋಡಿದ್ದವರು, ನಲ್ಲಿಯ ಹತ್ತಿರ ಹಲುಬಿದ್ದನ್ನು ಕೇಳಿದ್ದವರು. ಲೈನಿನ ಅಷ್ಟು ಜನರ ನಡುವೆ ಆ ಮಾತನ್ನು ಅವಳೊಬ್ಬಳಿಗೇ ಆಡಿದ್ದರು. ತಾನು ಯಾರಿಗೆ ಕೈಮುಗಿಯಬೇಕಿತ್ತೋ ಅವರನ್ನೇ ಇಷ್ಟು ವರ್ಷ ಬೈದೆನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಮರುದಿನ ಅವಳು ಯಾರನ್ನೂ ಕೇಳದೆ ಕಳಸದ ಬಸ್ಸು ಹತ್ತಿದಳು. ಅಲ್ಲಿಂದ ಜೀಪಿನಲ್ಲಿ ಸಂಸೆ. ಅಂಜನಮ್ಮ ಅಂಗಳದಲ್ಲಿ ಕಾಳುಮೆಣಸು ಹರವುತ್ತಿದ್ದರು, ತಲೆ ಪೂರ್ತಿ ಬೆಳ್ಳಗಾಗಿತ್ತು. ಇವಳನ್ನು ಕಂಡದ್ದೇ ಗಾಬರಿಯಾಗಿ ಎದ್ದರು.

"ಕಲ್ಲಮ್ಮ! ಯಾರಿಗೆ ಎಂತಾಯ್ತೇ?"

"ಯಾರಿಗೂ ಎಂತದೂ ಆಗಿಲ್ಲ. ಮನೆ ಕಟ್ಟಿದೀವಿ, ಕರಿಯಕ್ಕೆ ಬಂದೆ." ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಮರೆತುಹೋಗಿ, "ಆ ಕಬ್ಬಿಣದೋನು ಏನೂ ಹೇಳಿರ್ಲಿಲ್ಲ ಅಲ್ವಾ?" ಎಂದುಬಿಟ್ಟಳು. "ನಿನ್ನೆ ಮಗ ಆ ಸಿನಿಮಾ ಹಾಕಿದ್ದ. ಅನ್ನದ ಮಾತೇ ಇಲ್ಲ ಅದ್ರಲ್ಲಿ."

ಅಂಜನಮ್ಮ ಕೈಗಂಟಿದ ಮೆಣಸನ್ನು ಸೆರಗಿಗೆ ಒರೆಸಿಕೊಂಡರು. "ಅವ್ನು ಹೇಳಿದ್ದು ನಂಗೆಲ್ಲಿ ಅರ್ಥ ಆಗ್ತಿತ್ತು ಮಾರಾಯ್ತಿ. ನಿಮ್ಮನೆಗೆ ಬಂದು ಎಂತ ಹೇಳೋದು ಅಂತ ತಿಳೀಲೇ ಇಲ್ಲ. ಎರಡು ಸಲ ಬಂದೆ. ನೀನು ಅಳೋದು ಕೇಳಿ ಬಾಗ್ಲಿಂದಲೇ ತಿರುಗಿ ಹೋದೆ. ಅಷ್ಟು ಧೈರ್ಯ ಇರ್ಲಿಲ್ಲ ನಂಗೆ."

"ಒಳಗೆ ಬಂದು ಸುಮ್ನೆ ಕೂತಿದ್ರೂ ಸಾಕಿತ್ತು" ಎಂದು ಕಲ್ಲಮ್ಮ ಅಂಗಳದಲ್ಲೇ ಕುಸಿದು ಕೂತು, ಗಂಡ ಸತ್ತ ದಿನ ಅತ್ತ ಹಾಗೆ ಅತ್ತಳು. ಅಂಜನಮ್ಮ ಪಕ್ಕದಲ್ಲಿ ಕೂತರು. ಈ ಸಲ ಅವರಿಗೆ ಹೇಳಲು ಮಾತು ಹುಡುಕಬೇಕೆನಿಸಲಿಲ್ಲ.

ಅತ್ತು ಮುಗಿದ ಮೇಲೆ ಕಲ್ಲಮ್ಮ ಮೂಗು ಒರೆಸಿಕೊಂಡು ಎದ್ದಳು. "ಬರೋ ಗುರುವಾರ. ಗುರುವಯ್ಯೋರನ್ನೂ ಕರ್ಕೊಂಡು ಬನ್ನಿ. ಬಾಗ್ಲ ತನಕ ಬಂದು ವಾಪಸ್ ಹೋದ್ರೆ ಮಾತ್ರ ನಾನು ಬಿಡಲ್ಲ, ಬೀದೀಲೇ ಜಗಳ ಆಡ್ತೀನಿ."