ಪರದೆಯ ಮೇಲಿನ ವೇಗ

ಫೈಲು ಮತ್ತೆ ಅರ್ಧಕ್ಕೇ ನಿಂತಿತು. ಪೂನಮ ಮೌಸನ್ನು ಎತ್ತಿ ಮೇಜಿಗೆ ಕುಕ್ಕಿದಳು. ಪರದೆಯ ಮೂಲೆಯಲ್ಲಿ ಮಾತ್ರ, ಏನೂ ಆಗಿಲ್ಲವೆಂಬಂತೆ, ನಲವತ್ತೊಂಬತ್ತು ಸಾವಿರ ಎಂಬ ವೇಗದ ಅಂಕಿ ಹಾಗೇ ಕೂತಿತ್ತು.

ಕಾಗವಾಡದ ಮನೆಗಳಿಗೆ ಫೋನಿನ ತಂತಿಯಲ್ಲಿ ಇಂಟರ್ನೆಟ್ ಬರತೊಡಗಿ ಎರಡು ವರ್ಷವೂ ಆಗಿರಲಿಲ್ಲ. ಪೂನಮ ಮನೆಯಲ್ಲೇ ಕುಳಿತು ಬೆಳಗಾವಿಯ ಕಾಕಾಸಾಹೇಬರ ಪ್ರೆಸ್ಸಿಗೆ ಪುಟ ಜೋಡಿಸಿ ಕಳಿಸುತ್ತಿದ್ದಳು. ಈ ಸಲದ್ದು ದ್ರಾಕ್ಷಿ ಬೆಳೆಗಾರರ ಕೈಪಿಡಿ. ಬಳ್ಳಿಗೆ ಬರುವ ರೋಗಗಳು, ಎಲೆಯ ಚಿತ್ರಗಳು ಎಲ್ಲ ಸೇರಿ ಫ್ಲಾಪಿಯಲ್ಲಿ ಹಿಡಿಸದಷ್ಟು ದೊಡ್ಡದು. ಒಳಪುಟದಲ್ಲಿ ‘ಅಕ್ಷರ ಜೋಡಣೆ: ಪೂನಮ’ ಎಂದು ಅಚ್ಚು ಹಾಕಲು ಕಾಕಾಸಾಹೇಬರು ಒಪ್ಪಿದ್ದರು. ಬೆಳಿಗ್ಗೆ ಅವರದೇ ಫೋನು ಬಂದಿತ್ತು.

"ತಂಗಿ, ಇವತ್ತ ಸಂಜಿಮಟಾ ದಾರಿ ನೋಡ್ತೇನಿ. ಸಿಗಲಿಲ್ಲಂದ್ರ ಇನ್ನೊಬ್ಬರ ಕಡೆ ಮೊದಲಿಂದ ಮಾಡಸಬೇಕಾಗ್ತೈತಿ. ಬ್ಯಾಸರಾ ಮಾಡ್ಕೋಬ್ಯಾಡ."

ಗಂಡ ಸಂದೇಶನ ತಲೆಯಲ್ಲಿ ಬೇರೆಯದೇ ಹುಳ ಹೊಕ್ಕಿತ್ತು. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟವನು. ಮೊನ್ನೆ ಊಟಕ್ಕೆ ಕೂತವನೇ ಆ ಮಾತು ತೆಗೆದಿದ್ದ.

"ನಲವತ್ತೊಂಬತ್ತ ಸಾವಿರ ಅಂತ ಅದರಾಗ ಬರದೈತಿ. ಅಷ್ಟ ಜೋರ ಹೋಗೂದಿದ್ರ ನಿನ್ನ ಫೈಲ ಯಾವಾಗೋ ಮುಟ್ಟಬೇಕಿತ್ತಲ್ಲ? ಮಧ್ಯಾಹ್ನ ಪೂರ್ತಿ ಬಾಗಲಾ ಹಾಕ್ಕೊಂಡ ಯಾರ ಜೋಡಿ ಹರಟಿ ಹೊಡಿತಿ?"

"ಅದು ಲೈನ್ ಹತ್ತಿದಾಗಿನ ಅಂಕಿರಿ. ಇಂಟರ್ನೆಟ್ ಕೊಡೂವರ ಮಷೀನು, ನಮ್ಮ ಮೋಡೆಮ್ಮು, ಇಷ್ಟ ವೇಗಾ ಅಂತ ಮೊದಲಿಗೆ ಒಪ್ಪಿಕೊಂಡದ್ದು. ಅದೂ ಅಲ್ಲಿಂದ ಬರೂದಕ್ಕ. ನಾವು ಕಳಸೂದು ಅದಕ್ಕಿಂತ ಸಾವಕಾಶ. ಮತ್ತ ಅದು ಬಿಟ್ಟಿನ ಲೆಕ್ಕ, ಫೈಲಿಂದು ಬೈಟಿನ ಲೆಕ್ಕ. ಎಂಟ ಬಿಟ್ ಕೂಡಿದ್ರ ಒಂದ ಬೈಟು, ಎಂಟರಿಂದ ಭಾಗಿಸಬೇಕು. ಲೈನಿನಾಗ ಖರಖರ ಆತಂದ್ರ ಕಳಿಸಿದ ತುಣುಕನ್ನ ತಿರಗಿ ತಿರಗಿ ಕಳಸಬೇಕಾಗ್ತೈತಿ. ಆಗೂ ಆ ಅಂಕಿ ಇಳಿಯೂದಿಲ್ರಿ, ಹಂಗ ಇರ್ತೈತಿ."

"ನಂಗ ಸಾಲಿ ಕಲಿಸಬ್ಯಾಡ" ಎಂದು ತಾಟು ಸರಿಸಿ ಎದ್ದುಹೋಗಿದ್ದ.

ಪೂನಮ ಈಗ ಮತ್ತೊಮ್ಮೆ ಲೈನು ಹಚ್ಚಿದಳು. ನೀಲಿ ಪಟ್ಟಿ ತೆವಳುತ್ತ ಮುಂದೆ ಸಾಗಿತು. ಅರ್ಧ ದಾಟಿತು ಅನ್ನುವಾಗ ಗಕ್ಕನೆ ನಿಂತಿತು. ಬೆಳಗಿನ ಹೊತ್ತು ಮನೆಯಲ್ಲಿ ಯಾರೂ ಇಲ್ಲದಾಗ ಫೈಲುಗಳು ನಿಧಾನಕ್ಕಾದರೂ ಪೂರ್ತಿ ಹೋಗುತ್ತಿದ್ದವು. ಕೆಡುತ್ತಿದ್ದದ್ದು ಮಧ್ಯಾಹ್ನ; ಗಂಡನ ಅಣ್ಣ ತವನಪ್ಪ ತೋಟದಿಂದ ಊಟಕ್ಕೆ ಬಂದ ಮೇಲೆ. ಅದು ಹೊಳೆದದ್ದೇ ತಡ, ಬರಿಗಾಲಲ್ಲೇ ಎದ್ದು ಬಾಗಿಲು ತೆಗೆದಳು.

ಪಡಸಾಲೆಯ ಫೋನೂ ಅದೇ ಲೈನಿನದು. ತವನಪ್ಪ ಕುರ್ಚಿಯ ಅಂಚಿಗೆ ಕೂತು, ರಿಸೀವರನ್ನು ಕಿವಿಗೆ ಒತ್ತಿ, ಮಾತಾಡುವ ಕಡೆಯನ್ನು ಅಂಗೈಯಿಂದ ಮುಚ್ಚಿ ಹಿಡಿದಿದ್ದ. ಕಣ್ಣು ಮುಚ್ಚಿತ್ತು.

ಮದುವೆಯಾದಾಗಿನಿಂದ ಅವಳು ಭಾವನೆದುರು ನಿಂತು ಮಾತಾಡಿದವಳಲ್ಲ. ಏನಿದ್ದರೂ ತಲೆ ಮೇಲೆ ಸೆರಗು ಹೊದ್ದು ಬಾಗಿಲ ಮರೆಯಿಂದ. ಈಗ ಸೆರಗು ಹೆಗಲಿಗೆ ಜಾರಿತು, ಎಳೆದುಕೊಳ್ಳಲಿಲ್ಲ.

"ಏನ ಕೇಳಸ್ತೈತ್ರಿ, ಭಾವಾರ?"

ತವನಪ್ಪ ಬೆಚ್ಚಿಬಿದ್ದ. "ಏನಿಲ್ಲವಾ. ಲೈನ ಐತೇನು ಅಂತ ನೋಡಾಕತ್ತಿದ್ದೆ."

"ದಿನಾ ನೋಡ್ತೀರಿ?"

ಅವನು ರಿಸೀವರನ್ನು ಕಿವಿಯಿಂದ ಇಳಿಸಿ ತೊಡೆಯ ಮೇಲಿಟ್ಟುಕೊಂಡ.

"ಯಾವ ಗಂಡಸಿನ ದನಿ ಕೇಳಿಸ್ತು, ಹೇಳ್ರಿ! ನೀವು ಇದನ್ನ ಎತ್ತಿದಾಗೊಮ್ಮೆ ನನ್ನ ಕೆಲಸಾ ಹಾಳಾಗ್ತೈತಿ. ಲೈನಿನವರಿಗೆ ಬೈದ್ನಿ, ಮೋಡೆಮ್ಮಿಗೆ ಬೈದ್ನಿ, ನಂಗ ಬರೂದಿಲ್ಲಂತ ನನ್ನನ್ನ ನಾನ ಬೈಕೊಂಡ್ನಿ. ಇಲ್ಲಿ ನೀವು ಕಿವಿ ಹಚ್ಚಿ ಕುಂತೀರಿ!"

ತವನಪ್ಪನ ಮುಖ ಕಪ್ಪಿಟ್ಟಿತು. "ನನ್ನ ಮ್ಯಾಲ ಯಾಕ ಏರಿ ಬರ್ತಿ? ನಂಗೇನ ಹುಚ್ಚ ಹಿಡದೈತಿ? ಸಂದೇಶನ ಹೇಳ್ಯಾನ. ‘ಅಣ್ಣಾ, ನಾ ಅಂಗಡ್ಯಾಗ ಇರ್ತೇನಿ, ನೀ ಒಂದಿಷ್ಟ ಕಿವಿ ಇಡು’ ಅಂದಾನ."

ಅವಳಿಗೆ ಅಳು ಬರಲಿಲ್ಲ. ಬಂದಿದ್ದರೆ ಅದನ್ನೂ ಶಪಿಸುತ್ತಿದ್ದಳೇನೋ. ಅಡುಗೆಮನೆಗೆ ಹೋಗಿ ಕತ್ತರಿ ತಂದಳು. ಲೈನು ಎರಡಾಗಿ ಕವಲೊಡೆಯುವ ಬಾಗಿಲ ಮೇಲಿನ ಡಬ್ಬಿಯಿಂದ ಪಡಸಾಲೆಯ ಫೋನಿಗೆ ಇಳಿದ ವಾಯರು ಗೋಡೆಗುಂಟ ಹಾದಿತ್ತು. "ಏ, ಏ, ಏನ ಮಾಡಾಕತ್ತಿ?" ಎಂದು ತವನಪ್ಪ ಏಳುವಷ್ಟರಲ್ಲಿ ಅದು ಎರಡು ತುಂಡಾಗಿತ್ತು. ಅವನು ರಿಸೀವರನ್ನು ಜಾಗಕ್ಕಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಂಗಡಿಯ ದಾರಿ ಹಿಡಿದ.

ಪೂನಮ ಒಳಗೆ ಬಂದು ಲೈನು ಹಚ್ಚಿದಳು. ನೀಲಿ ಪಟ್ಟಿ ತನ್ನ ಪಾಡಿಗೆ ತೆವಳಿತು. ಅವಳು ರೆಪ್ಪೆ ಬಡಿಯದೆ ನೋಡುತ್ತ ಕೂತಳು. ಅದು ತುದಿ ಮುಟ್ಟಿತು. ಸ್ವಲ್ಪ ಹೊತ್ತಿಗೆ ಕಾಕಾಸಾಹೇಬರ ಉತ್ತರ ಬಂತು: ಪೂರ್ತಿ ಬಂದಿದೆ, ಚಿತ್ರಗಳೂ ಚೆನ್ನಾಗಿವೆ. ಅದನ್ನು ಓದಿ ಅವಳು ಲೈನು ಬಿಡಿಸಿದಳು.

ಹೊತ್ತು ಮುಳುಗುವ ಮುಂಚೆ ಸಂದೇಶ ಬಂದ. ಅಣ್ಣ ಹೇಳಿರಬೇಕು, ಮೊದಲು ಗೋಡೆಯ ವಾಯರು ನೋಡಿದ, ಆಮೇಲೆ ಅವಳನ್ನು.

"ಪೂನಮ, ನಾ ಬರೇ..."

"ನೀವು ಕೇಳಿದ್ರಿ, ನಾ ಹೇಳಿದ್ನಿ" ಎಂದಳು. ದನಿ ಏರಿರಲಿಲ್ಲ. "ಬಿಡಿಸಿ ಬಿಡಿಸಿ ಹೇಳಿದ್ನಿ. ನಂಬಲಿಲ್ಲ. ಕಿವಿ ಇಡಾಕ ಇನ್ನೊಬ್ಬರನ್ನ ಕುಂಡ್ರಿಸಿದ್ರಿ. ಇನ್ನ ನಾ ಏನ ಹೇಳಲಿ?"

ಸಂದೇಶ ಹೊಸ್ತಿಲ ಮೇಲೆ ಕುಸಿದು ಕೂತ. ಬಗ್ಗಿ ಒಂದು ಬೂಟಿನ ಲಾಡಿ ಬಿಚ್ಚಿದ. ಇನ್ನೊಂದರ ತುದಿಯನ್ನು ಬೆರಳಲ್ಲಿ ಹಿಡಿದವನು, ಎಳೆಯದೆ, ಹಾಗೇ ಕೂತಿದ್ದ.