ಎರಡು ಕೈಯ ಜಡೆ

ಒಂದು ಜಡೆ ಮುಗಿದಿತ್ತು. ಇನ್ನೊಂದು ಪಾಲು ಕೂದಲು ಇನ್ನೂ ನನ್ನ ಎಣ್ಣೆ ಹತ್ತಿದ ಎಡಗೈಯಲ್ಲಿತ್ತು. ಕುಮುದ ನನ್ನ ಮಂಡಿಗಳ ನಡುವೆ ಕುಳಿತು, ಕೆಂಪು ಟೇಪಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ತಲೆಯನ್ನು ನಾನು ಎಳೆದ ಕಡೆಗೆಲ್ಲ ವಾಲಿಸುತ್ತಿದ್ದಳು. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು.

ಅಕ್ಕ ವನಜ ಕಿಟಕಿಯಿಂದ ಇಣುಕಿ, "ಏಜೆನ್ಸಿ ಮೇಡಂ ಕಣೇ! ನಾಳೆ ಬರ್ತೀನಿ ಅಂದಿದ್ರಲ್ಲ!" ಎಂದು ಪಿಸುಗುಟ್ಟಿದಳು. ಮರುಕ್ಷಣವೇ ಕುಮುದಳ ತೋಳು ಹಿಡಿದು ನನ್ನ ಮುಂದಿನಿಂದ ಎಬ್ಬಿಸಿ, ತಾನು ಗೋಡೆಗೊರಗಿ ಕುಳಿತು, ಅವಳನ್ನು ತನ್ನ ಮಂಡಿಗಳ ನಡುವೆ ಕೂರಿಸಿಕೊಂಡಳು. "ಬಾಚಣಿಗೆ ಕೊಡು ಇಲ್ಲಿ. ನೀನು ಹೋಗಿ ಬಾಗಿಲು ತೆಗಿ. ಕುಮ್ಮೀ, ಜ್ಞಾಪಕ ಇದೆಯಲ್ಲ? ನಾನು ಯಾರು?"

"ಅಮ್ಮ."

"ಅವಳು?"

ಕುಮುದ ಟೇಪನ್ನು ಬಾಯಿಂದ ತೆಗೆದು, ನನ್ನ ಕಡೆ ನೋಡದೆ, "ಚಿಕ್ಕಮ್ಮ" ಎಂದಳು.

ಹೆತ್ತವಳು ನಾನು. ಅವಳಿಗಾಗ ಐದು ತುಂಬಿತ್ತು. ಅವಳ ಅಪ್ಪ ತೀರಿಕೊಂಡ ಮೇಲೆ ನಾವಿಬ್ಬರೂ ಅಕ್ಕನ ಮನೆ ಸೇರಿದ್ದೆವು. ಅಕ್ಕನಿಗೆ ಮಕ್ಕಳಿರಲಿಲ್ಲ. ಭಾವ ಜಗಳವಾಡುವವರಲ್ಲ, ಆದರೆ ಊಟಕ್ಕೆ ಕುಳಿತಾಗಲೆಲ್ಲ ಅನ್ನದ ಪಾತ್ರೆಯೊಳಗೆ ಒಮ್ಮೆ ಇಣುಕಿ, "ಈ ಮನೇಲಿ ಪಾತ್ರೆ ಮಾತ್ರ ವರ್ಷಾ ವರ್ಷಾ ದೊಡ್ಡದಾಗ್ತಾ ಇದೆ" ಎನ್ನುತ್ತಿದ್ದರು. ಕುಮುದ ಆ ಮಾತು ಕೇಳಿದ ಮೇಲೆ ಎರಡನೆಯ ಸಲ ಬಡಿಸಲು ಹೋದರೆ ತಟ್ಟೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಕಲಿತಳು. ಅದನ್ನು ನೋಡಿದ ದಿನವೇ ನಾನು ಹೊರದೇಶದ ಮನೆಗೆಲಸಕ್ಕೆ ಹೆಂಗಸರನ್ನು ಕಳಿಸುವ ಏಜೆನ್ಸಿಯ ಮೆಟ್ಟಿಲು ಹತ್ತಿದ್ದು.

ಆಸ್ಪತ್ರೆಯ ಹಸುಗೂಸುಗಳ ವಾರ್ಡಿನಲ್ಲಿ ನಾನು ಆಯಾ ಆಗಿ ದುಡಿದಿದ್ದೆ. ಆ ಆಸ್ಪತ್ರೆ ಮುಚ್ಚಿಹೋಗಿತ್ತು. ಹಳೆಯ ಮೇಟ್ರನ್ನರ ಮನೆ ಹುಡುಕಿಕೊಂಡು ಹೋಗಿ ಅನುಭವ ಪತ್ರ ಬರೆಸಿ ತಂದೆ. ಪಾಸ್‌ಪೋರ್ಟಿಗೆ ಕಿವಿ ಎರಡೂ ಕಾಣುವಂತೆ ಫೋಟೋ ತೆಗೆಸಿದೆ. ಪೊಲೀಸ್ ಠಾಣೆಯಲ್ಲಿ ನನ್ನ ಮೇಲೆ ಯಾವ ದೂರೂ ಇಲ್ಲವೆಂಬ ಕಾಗದಕ್ಕಾಗಿ ಬೆಂಚಿನ ಮೇಲೆ ಕಾದು ಕುಳಿತೆ. ಕಡಲಾಚೆಯ ಒಂದು ಮನೆಯವರಿಗೆ ತಮ್ಮ ಕೂಸನ್ನು ನೋಡಿಕೊಳ್ಳುವವಳು ಬೇಕಿತ್ತು. ಎಲ್ಲ ಸರಿಹೋಯಿತು ಎನ್ನುವಾಗ ಏಜೆನ್ಸಿಯ ಇಂದುಮತಿ ಮೇಡಂ ಪೆನ್ನು ಕೆಳಗಿಟ್ಟು ಕೇಳಿದರು, "ಮಕ್ಕಳಿದ್ದಾರಾ?"

ನನ್ನ ಪಕ್ಕದಲ್ಲಿದ್ದ ಅಕ್ಕ ಏನೋ ಹೊಳೆದವಳಂತೆ, "ಯಾಕೆ ಮೇಡಂ?" ಎಂದಳು.

"ಮಕ್ಕಳಿರೋರನ್ನ ಆ ಮನೆಯವರು ಬೇಡ ಅಂತಾರೆ. ಅಲ್ಲಿ ಹೋಗಿ ಇವರ ಮಗೂನ ಎತ್ಕೊಂಡು ತಮ್ಮ ಮಗೂಗೆ ಅಳ್ತಾ ಕೂತ್ಕೋತಾರೆ. ಮೂರನೇ ತಿಂಗಳಿಗೆ ವಾಪಸ್. ಕೆಟ್ಟ ಹೆಸರು ನಮಗೆ."

"ಇಲ್ಲ ಮೇಡಂ. ಇವಳಿಗೆ ಮಕ್ಕಳಿಲ್ಲ. ಒಂದು ಹೆಣ್ಣು ಮಗು ಇದೆ ಮನೇಲಿ, ಅದು ನನ್ನದು" ಎಂದುಬಿಟ್ಟಳು ಅಕ್ಕ.

ಒಂದು ಸಲ ಆಡಿದ ಮಾತಿಗೆ ಆಮೇಲೆ ಕಾಗದಗಳನ್ನು ಹೊಂದಿಸಬೇಕಾಯಿತು. ಪಡಿತರ ಚೀಟಿಯಲ್ಲಿ ಕುಮುದಳ ಹೆಸರು ಅಕ್ಕನ ಹೆಸರಿನ ಕೆಳಗೆ ಹೋಯಿತು. ವೈದ್ಯಕೀಯ ತಪಾಸಣೆಯ ದಿನ ಡಾಕ್ಟರಮ್ಮ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಗೆರೆ ಇದೆಯಲ್ಲಮ್ಮ, ಹೆರಿಗೆ ಆಗಿತ್ತಾ?" ಎಂದರು.

"ಆಗಿತ್ತು."

"ಮಗು?"

ಅಕ್ಕ ಹೇಳಿಕೊಟ್ಟಿದ್ದ ಮಾತನ್ನೇ ಹೇಳಿದೆ. "ಉಳೀಲಿಲ್ಲ."

ಅವರು ತಲೆಯೆತ್ತದೆ ಬರೆದುಕೊಂಡರು. ಗೇಟಿನ ಹೊರಗೆ ಅಕ್ಕನ ಜೊತೆ ಕುಮುದ ಕಾಯುತ್ತಿದ್ದಳು. ಸುಲಿದ ಕಡಲೆಕಾಯಿ ಬೀಜಗಳನ್ನು ಲಂಗದ ಮಡಿಲಲ್ಲಿ ನನಗಾಗಿ ಕೂಡಿಟ್ಟಿದ್ದಳು. ನಾನು ಒಂದೊಂದಾಗಿ ಎಲ್ಲವನ್ನೂ ತಿಂದೆ.

ಮೇಡಂ ಮನೆಗೇ ಬಂದು ನೋಡುತ್ತಾರೆಂದು ತಿಳಿದ ಮೇಲೆ ಅಕ್ಕ ನಮ್ಮಿಬ್ಬರಿಗೂ ಪಾಠ ಶುರುಮಾಡಿದಳು. ಕರೆಯುವುದಷ್ಟೇ ಸಾಲದು, ಹಸಿದರೂ ನಿದ್ದೆ ಬಂದರೂ ಮಗು ತನ್ನ ಬಳಿಗೇ ಬರಬೇಕು ಎಂದಳು. ಒಂದು ಮಧ್ಯಾಹ್ನ ಕುಮುದ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿದ್ದು ಮಂಡಿ ಒಡೆದುಕೊಂಡಳು. ಅಳುತ್ತ ಓಡಿ ಬಂದದ್ದು ನನ್ನ ಕಡೆಗೆ.

"ಕೈ ಹಿಂದಕ್ಕೆ ಇಟ್ಕೋ! ಈಗ ನೀನು ಎತ್ಕೊಂಡ್ರೆ ಇಷ್ಟು ದಿನ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ!" ಎಂದು ಅಕ್ಕ ಅಡುಗೆಮನೆಯಿಂದ ಕೂಗಿದಳು.

ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ. ಕುಮುದ ನನ್ನೆದುರು ಬಂದು ನಿಂತಳು. ಮಂಡಿಯಿಂದ ರಕ್ತ ಪಾದದವರೆಗೆ ಇಳಿಯಿತು. ಅವಳು ನನ್ನ ಮುಖ ನೋಡಲಿಲ್ಲ, ಕೈಗಳಿರಬೇಕಾದ ಜಾಗವನ್ನು ನೋಡಿದಳು. ಸ್ವಲ್ಪ ಹೊತ್ತಿನ ಮೇಲೆ ಕುಂಟುತ್ತ ಅಡುಗೆಮನೆಗೆ ನಡೆದಳು. ಯಾಕೆ ಎಂದು ಕೇಳಲಿಲ್ಲ. ಅಂದೂ ಕೇಳಲಿಲ್ಲ, ಮರುದಿನವೂ ಕೇಳಲಿಲ್ಲ. ಕೇಳಿದರೆ ಏನು ಹೇಳಬೇಕೆಂದು ನಾನು ಪಾತ್ರೆ ತೊಳೆಯುತ್ತ, ಅಕ್ಕಿ ಆರಿಸುತ್ತ ಮಾತು ಹೊಂದಿಸಿಕೊಳ್ಳುತ್ತಿದ್ದೆ.

ಮೇಡಂ ಬಂದ ಆ ಬೆಳಿಗ್ಗೆ, ನಾನು ಬಾಗಿಲು ತೆಗೆದು ಅವರು ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ಅಕ್ಕ ಅವಸರದಿಂದ ಎರಡನೆಯ ಜಡೆ ಮುಗಿಸಿದ್ದಳು. ಅಕ್ಕನಿಗೆ ಜಡೆ ಹಾಕಿ ರೂಢಿಯಿರಲಿಲ್ಲ. ಅದು ಕಿವಿಯ ಹಿಂದೆ ಉಬ್ಬಿ, ತುದಿಯಲ್ಲಿ ಸಡಿಲಾಗಿ ಜೋತಾಡುತ್ತಿತ್ತು. ನಾನು ತಂದುಕೊಟ್ಟ ಕಾಫಿಯನ್ನು ಮೇಡಂ ಒಂದು ಗುಟುಕು ಕುಡಿದು, ಕುಮುದಳ ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು.

"ಒಂದು ಬಿಗಿ, ಒಂದು ಸಡಿಲ. ಈ ತಲೆ ಮೇಲೆ ಎರಡು ಕೈ ಆಡಿವೆಯಲ್ಲ?"

"ಒಲೆ ಮೇಲೆ ಹಾಲಿತ್ತು ಮೇಡಂ, ಎದ್ದುಹೋದೆ. ಇನ್ನೊಂದನ್ನ ಇವಳು ಹಾಕಿದ್ಲು" ಎಂದಳು ಅಕ್ಕ.

"ನಿಮ್ಮದು ಯಾವುದು?"

ಅಕ್ಕ ಕೈ ಚಾಚಿ ಬಿಗಿಯಾದ ಜಡೆಯನ್ನು ಮುಟ್ಟಿದಳು. ಅದು ನಾನು ಹಾಕಿದ್ದು.

"ಚೆನ್ನಾಗಿದೆ" ಎಂದು ಮೇಡಂ ನಕ್ಕು, "ಬಾ ಪುಟ್ಟಿ, ಇಲ್ಲಿ ಬಾ" ಎಂದು ಕುಮುದಳನ್ನು ಪಕ್ಕಕ್ಕೆ ಎಳೆದುಕೊಂಡರು. ಹೆಸರು ಕೇಳಿದರು, ಹಾಡು ಬರುತ್ತದೆಯೇ ಎಂದು ಕೇಳಿದರು. ಹಾಗೆ ಕೇಳುತ್ತಲೇ ಅವಳ ತೋಳಿನ ಒಳಭಾಗದ ಮೆತ್ತನೆಯ ಚರ್ಮವನ್ನು ಉಗುರಿನಲ್ಲಿ ಹಿಡಿದು ತಿರುಚಿದರು. ಕುಮುದ ಕಿರುಚಿಕೊಂಡಳು. ಮೇಡಂ ಬಿಡಲಿಲ್ಲ. ಅವರ ಕಣ್ಣು ಮಗುವಿನ ಮೇಲಿರಲಿಲ್ಲ. ನೆಟ್ಟಗೆ ನನ್ನನ್ನೇ ನೋಡುತ್ತಿದ್ದರು.

ನನ್ನ ಕೈಗಳು ತಾವಾಗಿಯೇ ಬೆನ್ನ ಹಿಂದೆ ಹೋಗಿ ಒಂದನ್ನೊಂದು ಹಿಡಿದುಕೊಂಡವು.

ಬಿಡಿಸಿಕೊಂಡ ಕುಮುದ ಕೋಣೆಯ ನಡುವೆ ಒಂದು ಕ್ಷಣ ನಿಂತಳು. ಆಮೇಲೆ ನನ್ನ ಸೀರೆಗೆ ತಾಗಿದಂತೆಯೇ ದಾಟಿ ಹೋಗಿ ಅಕ್ಕನ ಮಡಿಲಲ್ಲಿ ಮುಖ ಹುದುಗಿಸಿದಳು. "ಅಯ್ಯೋ ನನ್ನ ಕಂದಾ, ನನ್ನ ಬಂಗಾರಾ" ಎಂದು ಅಕ್ಕ ಅವಳನ್ನು ಅವಚಿಕೊಂಡಳು. ಆ ದನಿಯಲ್ಲಿ ನಟನೆಯಿರಲಿಲ್ಲ. ಉಗುರಿಗಿಂತ ಅದು ಆಳಕ್ಕೆ ಇಳಿಯಿತು ನನಗೆ.

"ಇರುವೆ ಕಚ್ಚಿರಬೇಕು" ಎಂದು ಮೇಡಂ ಉಳಿದ ಕಾಫಿ ಕುಡಿದು ಎದ್ದರು.

ಬೀಳ್ಕೊಡಲು ನಾನು ಬಾಗಿಲಿನವರೆಗೆ ಹೋದೆ. ಅವರು ಚಪ್ಪಲಿ ಮೆಟ್ಟಿಕೊಳ್ಳುತ್ತ, ಒಳಗೆ ಕೇಳಿಸದ ಹಾಗೆ, "ಬಾಗಿಲು ತೆಗೆದಾಗ ನಿನ್ನ ಬೆರಳಲ್ಲಿ ಎಣ್ಣೆ ಇತ್ತಮ್ಮ. ನಿಮ್ಮಕ್ಕನ ಅಂಗೈ ಒಣಗಿತ್ತು, ತಲೆಗೆ ಎಣ್ಣೆ ಹಚ್ಚಿದ್ದು ನೀನೇ. ಹೆತ್ತವಳು ಯಾರು ಅಂತ ನನಗೆ ಆಗಲೇ ಗೊತ್ತಾಯ್ತು" ಎಂದರು.

ನಾನು ಬಾಗಿಲನ್ನು ಹಿಂದಕ್ಕೆ ಎಳೆದುಕೊಂಡೆ. "ಮೇಡಂ, ದಯವಿಟ್ಟು..."

"ಹೆದರಬೇಡ. ನಾನು ಕಳಿಸಿದವರಲ್ಲಿ ಮಕ್ಕಳಿರೋರು ಬೇಕಾದಷ್ಟು ಜನ ಇದ್ದಾರೆ. ಮಗು ಇರೋದು ತೊಂದರೆ ಅಲ್ಲ, ಮಗು ಅತ್ತಾಗ ಓಡೋದು ತೊಂದರೆ. ನೀನು ಓಡಲಿಲ್ಲ. ಸೋಮವಾರ ಬಂದು ಸಹಿ ಹಾಕು."

ಅವರು ಮೆಟ್ಟಿಲಿಳಿದು ಹೋದರು. ಒಳಗಿನಿಂದ ಅಕ್ಕ, "ಏನಂದ್ರೇ? ಒಪ್ಪಿದ್ರಾ?" ಎಂದು ಕೂಗಿದಳು. "ಒಪ್ಪಿದ್ರು" ಎಂದೆ. ಉಳಿದದ್ದನ್ನು ಅವಳಿಗೆ ಹೇಳಲಿಲ್ಲ. ಭಾವ ಅಂದು ಸಿಹಿ ತಂದರು. ಅನ್ನದ ಪಾತ್ರೆಯೊಳಗೆ ಇಣುಕಲಿಲ್ಲ.

ಆಮೇಲಿನ ದಿನಗಳಲ್ಲಿ ಆಟ ಮುಗಿಯಿತೆಂದು ಕುಮುದಳಿಗೆ ಎಷ್ಟೋ ಸಲ ಹೇಳಿದೆ. ಅವಳು ತಲೆಯಾಡಿಸುತ್ತಿದ್ದಳು. ಚಿಕ್ಕಮ್ಮ ಎನ್ನುವುದನ್ನು ಬಿಟ್ಟಳು, ಅಮ್ಮ ಎನ್ನಲಿಲ್ಲ. ನನ್ನೊಂದಿಗೆ ಮಾತಾಡಬೇಕಾದಾಗ ಹತ್ತಿರ ಬಂದು, ನಾನು ನೋಡುವವರೆಗೆ ನಿಂತಿರುತ್ತಿದ್ದಳು. ತೋಳಿನ ಕಲೆ ನೀಲಿಯಾಗಿ, ಹಳದಿಯಾಗಿ, ಮಾಸಿತು.

ಹೊರಡುವ ಹಿಂದಿನ ದಿನ ವೀಸಾದೊಂದಿಗೆ ಆ ಮನೆಯ ಕೂಸಿನ ಫೋಟೋವೂ ಬಂತು. ದುಂಡು ಕೆನ್ನೆಯ ಕೂಸು. ಕುರ್ಚಿಯ ಕಾಲು ಹಿಡಿದು ನಿಂತಿತ್ತು. ನಾನು ಪೆಟ್ಟಿಗೆಗೆ ಸೀರೆ ಮಡಿಸಿಡುತ್ತಿದ್ದಾಗ ಕುಮುದ ಬಂದು ಪಕ್ಕದಲ್ಲಿ ಕುಳಿತು, ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಈ ಪಾಪುಗೆ ನಡೆಯೋಕೆ ಬರುತ್ತಾ?"

"ಈಗ ಕಲೀತಾ ಇದೆಯಂತೆ ಕಂದ."

"ಕಲಿಯುವಾಗ ಬೀಳುತ್ತೆ."

"ಹೂಂ. ಬೀಳುತ್ತೆ."

ಅವಳು ಫೋಟೋವನ್ನು ಜೋಪಾನವಾಗಿ ಪೆಟ್ಟಿಗೆಯೊಳಗೆ, ನನ್ನ ಸೀರೆಗಳ ಮೇಲೆ, ಮುಖ ಮೇಲಾಗಿ ಇಟ್ಟಳು. ಆಮೇಲೆ, ಅಷ್ಟು ದಿನಗಳಲ್ಲಿ ಮೊದಲ ಸಲ, ನನ್ನ ಎರಡೂ ಕೈಗಳನ್ನು ಹಿಡಿದು, ತನ್ನ ಕಡೆಗೆ ತಿರುಗಿಸಿಕೊಂಡು, ಅಂಗೈಗಳನ್ನು ನೋಡುತ್ತ ಕೇಳಿದಳು:

"ಅದು ಬಿದ್ದು ಅತ್ತರೆ, ಎತ್ಕೋತೀಯಾ?"