ಕಂಬಳಿ ಹೊದ್ದ ಪಾತ್ರೆ

ಕುದಿ ಬಂದ ಪಾತ್ರೆಯನ್ನು ಒಲೆಯಿಂದಿಳಿಸಿ, ಹಳೆಯ ಕಂಬಳಿಯಲ್ಲಿ ಸುತ್ತಿ, ಅವಳು ಕಬ್ಬಿಣದ ಟ್ರಂಕಿನೊಳಗೆ ಇಟ್ಟಳು. ಅಕ್ಕಿ, ಬೇಳೆ, ತರಕಾರಿ ಎಲ್ಲ ಒಂದರಲ್ಲೇ. ಇನ್ನು ಒಲೆಯ ಹಂಗಿಲ್ಲ, ತನ್ನ ಬಿಸಿಯಲ್ಲೇ ಬೇಯಬೇಕು.

"ಪಾತ್ರೆಗೆ ಚಳಿಜ್ವರ ಬಂದಿದೆಯೇನೇ?" ಅತ್ತೆ ಕೇಳಿದರು. "ಹಾಗೇ ಒಂದು ಮಾತ್ರೇನೂ ಹಾಕ್ಬಿಡು."

"ನಗಿ ಅತ್ತೆ, ನಗೋದಕ್ಕೆ ಗ್ಯಾಸ್ ಬೇಡ."

ಪ್ರೆಸ್ಸಿನಲ್ಲಿ ಗಂಡನ ಪಾಳಿ ಅರ್ಧಕ್ಕೆ ಇಳಿದಾಗಿನಿಂದ ಅವಳ ಕಿವಿ ಸದಾ ಒಲೆಯ ಸದ್ದಿನ ಮೇಲೆ. ಸಂಬಳದ ದಿನದವರೆಗೆ ಸಿಲಿಂಡರ್ ಬಾಳಿಕೆ ಬರಬೇಕು. ನಡುವೆ ಮುಗಿದರೆ ಕೈ ಹೋಗುವುದು ಕಪಾಟಿನ ಮೇಲಿನ ಬಿಸ್ಕತ್ತಿನ ಡಬ್ಬಿಗೇ. ಅದರಲ್ಲಿರುವುದು ಮಗಳ ನರ್ಸಿಂಗ್ ಕಾಲೇಜಿನ ಕಂತು. ಸೋಮವಾರ ಕಟ್ಟದಿದ್ದರೆ ಸೀಟು ಇನ್ಯಾರದೋ ಪಾಲು. ಡಬ್ಬಿಯ ಮುಚ್ಚಳಕ್ಕೆ ಅವಳು ಸುತ್ತಲೂ ಟೇಪು ಅಂಟಿಸಿದ್ದಳು. ಕಳ್ಳರ ಭಯಕ್ಕಲ್ಲ, ಗಂಡನ ಧಾರಾಳದ ಕೈಗೆ ಹೆದರಿ.

ಮಧ್ಯಾಹ್ನ ಆ ಗಂಡನೇ ಬಾಗಿಲಲ್ಲಿ ತಲೆ ತುರಿಸುತ್ತ ನಿಂತ. "ಅಕ್ಕ ಬರ್ತಿದ್ದಾಳೆ, ಊಟಕ್ಕೆ." ದನಿ ತಗ್ಗಿಸಿದ. "ಪಾಳಿ ವಿಷಯ ಮಾತ್ರ ಬಾಯಿ ಬಿಡಬೇಡ, ಮಾರಾಯ್ತಿ."

ಆ ಅತ್ತಿಗೆಗೆ ಸ್ವಂತ ಹೊಲಿಗೆ ಅಂಗಡಿ. ಬಟ್ಟೆಯ ಜೊತೆ ನೆಂಟರ ಸುದ್ದಿಯನ್ನೂ ಅಳತೆ ತೆಗೆದು ಕತ್ತರಿಸುವವರು. ಬಂದವರೇ ಕುರ್ಚಿ ಎಳೆದು ಕೂತು, "ಹೊಟ್ಟೆ ತಾಳ ಹಾಕ್ತಿದೆ" ಎಂದರು.

ಅವಳು ಒಳಗೆ ಟ್ರಂಕು ತೆರೆದಳು. ಪಾತ್ರೆ ಉಗುರುಬೆಚ್ಚಗಿತ್ತು. ಅಗುಳು ಹಿಚುಕಿದಳು, ಒಳಗೆ ಇನ್ನೂ ಗಟ್ಟಿ. ತಿರುಗಿ ನೋಡಿದರೆ ಅತ್ತೆ ಸೆರಗಿನ ಅಂಚು ತಿರುಚುತ್ತಿದ್ದಾರೆ.

"ಬೆಂತಾ ಅಂತ ಒಂದ್ಸಲ ನೋಡಿದೆ, ಅಷ್ಟೇ."

"ಒಂದೇ ಸಲಾನಾ?"

"ಆಮೇಲೆ ಮುಚ್ಚಳ ಸರಿಯಾಗಿ ಕೂತಿದೆಯಾ ಅಂತ. ಮತ್ತೆ ನೋಡಿದ್ದು... ಸುಮ್ನೆ."

ಗಂಡ ಹಿಂದಿನಿಂದ ಇಣುಕಿದ. "ಹೋಟೆಲಿಂದ ತಂದ್ಬಿಡ್ತೀನಿ." ಅವನ ಕೈ ಆಗಲೇ ಡಬ್ಬಿಯ ಮೇಲಿತ್ತು.

"ಕೈ ಇಳಿಸಿ, ರೀ."

"ಮರ್ಯಾದೆ ಪ್ರಶ್ನೆ ಕಣೇ!"

"ಆ ಮರ್ಯಾದೆ ಸೋಮವಾರ ಕಾಲೇಜಿನ ಫೀಸು ಕಟ್ಟೋ ಕಿಟಕಿ ಮುಂದೆ ಬೇಕು."

ಪಾತ್ರೆಯನ್ನು ಮತ್ತೆ ಒಲೆಗೇರಿಸಿ, ಕುದಿ ಬರುವವರೆಗೆ ಅಲ್ಲೇ ನಿಂತಳು. ಮಾತುಗಳನ್ನು ಒಂದೊಂದಾಗಿ ಆರಿಸಿಕೊಂಡಳು, ಹೇಳುವುದು ಕಡಿಮೆಯೂ ಆಗಬಾರದು, ಗೋಳೂ ಆಗಬಾರದು. ಪಾತ್ರೆಗೆ ಮತ್ತೆ ಕಂಬಳಿ ಸುತ್ತಿ ಟ್ರಂಕಿಗಿಳಿಸಿ, ಹೊರಗೆ ಬಂದಳು.

"ಅತ್ತಿಗೆ, ಊಟ ತಡ ಆಗುತ್ತೆ. ಇವರ ಪಾಳಿ ಅರ್ಧ ಆಗಿದೆ, ಗ್ಯಾಸ್ ಉಳಿಸ್ತಿದ್ದೀವಿ. ಮಗಳ ಫೀಸಿನ ದುಡ್ಡು ಮನೇಲೇ ಇದೆ, ಅದನ್ನ ಮುಟ್ಟಲ್ಲ. ನೀವು ಸ್ವಲ್ಪ ಕಾಯಬೇಕು."

ಗಂಡ ಗೋಡೆಯ ಕ್ಯಾಲೆಂಡರಿನಲ್ಲಿ ಮುಖ ಹುದುಗಿಸಿದ.

"ಅಷ್ಟೇನಾ?" ಅತ್ತಿಗೆ ಕುರ್ಚಿಯ ಮೇಲೇ ಕಾಲು ಮಡಚಿ ಕೂತರು. "ಇವನ ಮುಖ ನೋಡಿ ಯಾರೋ ಆಸ್ಪತ್ರೆ ಸೇರಿದ್ದಾರೆ ಅಂದ್ಕೊಂಡಿದ್ದೆ. ಆದ್ರೆ ನನ್ನ ಬಾಯಿ ನಿಂಗೆ ಗೊತ್ತಲ್ಲ. ಊರಿಗೆಲ್ಲ ಹೇಳ್ತೀನಿ."

"ಹೇಳಿ. ಕಂಬಳಿ ವಿಷಯಾನೂ ಸೇರಿಸಿ ಹೇಳಿ."

ಅತ್ತಿಗೆ "ಎಂಥಾ ಕಂಬಳಿ, ತೋರಿಸು" ಎಂದು ಎದ್ದರು.

ಅಷ್ಟರಲ್ಲಿ ಒಳಗೆ ನುಸುಳಿದ್ದ ಗಂಡ ಡಬ್ಬಿಯನ್ನು ಕಪಾಟಿನ ಮೇಲೆ ಇನ್ನಷ್ಟು ಹಿಂದಕ್ಕೆ ತಳ್ಳುತ್ತಿದ್ದ. ಟೇಪು ಹಾಗೇ ಇತ್ತು. ಟ್ರಂಕಿನ ಮೇಲೆ ಅತ್ತೆ ಗಟ್ಟಿಯಾಗಿ ಕೂತಿದ್ದರು.

"ಈಗ ಯಾರು ತೆಗೀತಾರೋ ನೋಡ್ತೀನಿ!"

"ಅಮ್ಮಾ, ತೆಗೆಯೋಳು ನೀನೊಬ್ಬಳೇ."

"ಅದಕ್ಕೇ ಕಣೋ, ಮೇಲೆ ಕೂತಿರೋದು."